ಮೂರನೇ ದಿನದ ಹಾಲು

ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮೊದಲು ನಿಂತುಹೋದದ್ದು ಒಂದು ಡಬ್ಬಿಯ ಮುಚ್ಚಳದ ಸದ್ದು. ಅಡುಗೆಮನೆಯ ಗೂಡಿನಲ್ಲಿ ಒಂದು ಸ್ಟೀಲ್ ಡಬ್ಬಿ, ಅದರಲ್ಲಿ ಕಡಲೆ ಮಿಠಾಯಿ. ಕೆಲಸದಿಂದ ಬಂದವರು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಮೊದಲು ಹೋಗುತ್ತಿದ್ದದ್ದು ಆ ಡಬ್ಬಿಯ ಹತ್ತಿರ. ಮುಚ್ಚಳ ಬಲು ಬಿಗಿ. ತೆಗೆದರೆ ಟಪ್ ಎನ್ನುತ್ತಿತ್ತು. ನಾನು ಮುಂದಿನ ಕೋಣೆಯಲ್ಲಿ ಬೆನ್ನು ಹಾಕಿಕೊಂಡು ಹೊಲಿಗೆ ಮಿಷನ್ ತುಳಿಯುತ್ತಿದ್ದರೂ ಆ ಸದ್ದಿನಿಂದ ಅವರು ಬಂದದ್ದು ತಿಳಿಯುತ್ತಿತ್ತು. ಕುಡಿತ ಬಿಟ್ಟವರಿಗೆ ಸಿಹಿಯ ಮೇಲೆ ಆಸೆ ಹುಟ್ಟುತ್ತದಂತೆ. ಅವರೇ ಹೇಳುತ್ತಿದ್ದರು, ನಾಚಿಕೆಯಿಂದ ನಗುತ್ತಾ. ಈಗ ಆ ಡಬ್ಬಿಯ ತಳದಲ್ಲಿ ನಾಲ್ಕೈದು ತುಂಡು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿವೆ. ತಿನ್ನಲೂ ಮನಸ್ಸು ಬರುವುದಿಲ್ಲ, ಎಸೆಯಲೂ ಕೈ ಬರುವುದಿಲ್ಲ.

ಹೀಗೆ ಸಿಹಿ ತಿನ್ನುವ ಮನುಷ್ಯನ ಜೊತೆ ನಾನು ಬಾಳಿದ್ದು ಕೊನೆಯ ಹತ್ತು ಹನ್ನೊಂದು ವರ್ಷ ಮಾತ್ರ. ಅದಕ್ಕೆ ಮೊದಲಿನ ಮನುಷ್ಯ ಬೇರೆ.

ನಾನು ಮದುವೆಯಾಗಿ ಬಂದದ್ದು ಮೂಡಲಪಾಳ್ಯಕ್ಕೆ. ರಸ್ತೆಗೆ ಮುಖ ಮಾಡಿ ಭಾವನ, ಅಂದರೆ ನನ್ನ ಗಂಡನ ಅಣ್ಣನ, ಹಿಟ್ಟಿನ ಮಿಲ್ಲು. ಅದರ ಹಿಂದೆ ಎರಡು ಸಣ್ಣ ಮನೆಗಳು. ಒಂದರಲ್ಲಿ ಭಾವ ಮತ್ತು ಅವರ ಹೆಂಡತಿ, ಅವರನ್ನು ನಾನು ಅಕ್ಕ ಎನ್ನುತ್ತೇನೆ. ಇನ್ನೊಂದರಲ್ಲಿ ನಾವಿಬ್ಬರು. ನಮಗೆ ಮಕ್ಕಳಾಗಲಿಲ್ಲ. ನನ್ನ ಮಾವ ಬೇಗ ಹೋದದ್ದರಿಂದ ಭಾವ ಮೀಸೆ ಮೂಡುವ ಮೊದಲೇ ಮಿಲ್ಲಿನಲ್ಲಿ ಕೂತು ತಮ್ಮನನ್ನು ಓದಿಸಿದ್ದರು. ಐಟಿಐ ಮುಗಿಸಿದ ಮೇಲೆ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಕೆಲಸಕ್ಕೆ ಸೇರಿಸಿದವರೂ ಅವರೇ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು, ಎಲ್ಲದರ ಮೇಲೂ ಹಿಟ್ಟು ಕೂತ ಮನುಷ್ಯ ಭಾವ. ಮಾತು ಕಡಿಮೆ. ಆಡಿದರೆ ಮಿಲ್ಲಿನ ಸದ್ದನ್ನು ಮೀರಿ ಆಡಿ ಅಭ್ಯಾಸವಾದ ದೊಡ್ಡ ದನಿ.

ನನ್ನ ಗಂಡ ಕುಡಿಯುತ್ತಿದ್ದರು. ಮೊದಮೊದಲು ಸಂಬಳವಾದ ದಿನ, ಆಮೇಲೆ ದಿನಾ. ಕುಡಿದಾಗ ನನ್ನ ಮೇಲೆ ಕೈ ಮಾಡುತ್ತಿದ್ದರು. ಅದನ್ನು ಬಿಡಿಸಿ ಬರೆಯುವುದಿಲ್ಲ. ಗೋಡೆಯಾಚೆ ಕೇಳಿಸುತ್ತಿತ್ತು, ಅಷ್ಟು ಹೇಳಿದರೆ ಸಾಕು.

ಒಂದು ಸಂಜೆ ನಾನು ಹೊರಗೆ ಓಡಿಬಂದು ಮಿಲ್ಲಿನೊಳಗೆ ನುಗ್ಗಿದೆ. ಅವರು ಹಿಂದೆಯೇ ಬಂದರು. ಭಾವ ನಮ್ಮಿಬ್ಬರ ನಡುವೆ ಬಂದು ನಿಂತರು.

"ಮುಟ್ಟಿ ನೋಡೋ ಈಗ. ಮುಟ್ಟು, ನೋಡೇ ಬಿಡ್ತೀನಿ," ಎಂದರು.

ಮಿಲ್ಲಿನ ಶೆಟರ್ ಎಳೆಯಲು ಒಂದು ಉದ್ದನೆಯ ಕಬ್ಬಿಣದ ಕಂಬಿ ಇರುತ್ತದೆ, ತುದಿಯಲ್ಲಿ ಕೊಕ್ಕೆ. ಅದು ಬಾಗಿಲ ಪಕ್ಕದಲ್ಲೇ ನಿಂತಿತ್ತು. ನನ್ನ ಗಂಡ ಅದನ್ನು ಎತ್ತಿಕೊಂಡದ್ದು ನಾನು ನೋಡಿದೆ. ಬೀಸಿದ್ದು ನೋಡಲಿಲ್ಲ. ಭಾವನ ಬಲಗಣ್ಣು ಹೋಯಿತು.

ಕೇಸಾಯಿತು. ಕೋರ್ಟಿನಲ್ಲಿ ಭಾವ ನಡೆದದ್ದನ್ನು ನಡೆದಂತೆ ಹೇಳಿದರು. ಶಿಕ್ಷೆ ಕೇಳಿ ಹೊರಗೆ ಬರುವಾಗ ನನ್ನ ಗಂಡ ಪೊಲೀಸರ ನಡುವಿನಿಂದಲೇ "ಅಣ್ಣಾ" ಎಂದರು. ಭಾವ ನಿಂತರು. ಬಲಗಣ್ಣಿಗೆ ಬಟ್ಟೆ ಕಟ್ಟಿದ್ದ ಮುಖವನ್ನು ಪೂರ್ತಿ ತಿರುಗಿಸಿ ನೋಡಿದರು.

"ಯಾರಿಗೆ ಯಾರೋ ಅಣ್ಣ? ನಿನ್ನ ಮಣ್ಣಿಗೂ ಬರಲ್ಲ ನಾನು."

ನಮ್ಮ ಜನರಲ್ಲಿ ಇದಕ್ಕಿಂತ ಕಡುವಾದ ಮಾತಿಲ್ಲ. ಮದುವೆಗೆ ಹೋಗದಷ್ಟು ದ್ವೇಷವಿದ್ದವರೂ ಮಣ್ಣಿಗೆ ಹೋಗುತ್ತಾರೆ. ಶವ ಗುಂಡಿಗಿಳಿಸಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದರೆ ಜಗಳ ಅಲ್ಲಿಗೆ ಮುಗಿಯಿತು ಎಂದು ಲೆಕ್ಕ. ಅದನ್ನೂ ಮಾಡುವುದಿಲ್ಲ ಎಂದರೆ ಮುಗಿಯುವುದೇ ಇಲ್ಲ ಎಂದು ಅರ್ಥ.

ನನ್ನ ಗಂಡ ಜೈಲಿನಲ್ಲಿದ್ದಷ್ಟು ಕಾಲ ಭಾವ ನನ್ನನ್ನು ಆ ಮನೆಯಿಂದ ಕಳಿಸಲಿಲ್ಲ. "ನೀನು ಇಲ್ಲೇ ಇರಮ್ಮ. ಅವನು ಮಾತ್ರ ಈ ಹೊಸ್ತಿಲು ತುಳಿಯಂಗಿಲ್ಲ," ಎಂದಿದ್ದರು. ಅವರು ಬಿಡುಗಡೆಯಾದಾಗ ನಾನು ಹೊಲಿಗೆ ಮಿಷನ್ ಆಟೋಗೆ ಹಾಕಿಸಿಕೊಂಡು ಶ್ರೀಗಂಧದ ಕಾವಲಿನ ಬಾಡಿಗೆ ಮನೆಗೆ ಹೊರಟೆ. ಭಾವ ಮಿಲ್ಲಿನ ಬಾಗಿಲಲ್ಲಿ ನಿಂತಿದ್ದರು. ಹೋಗಬೇಡ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವರ ಕಣ್ಣು ಹೋದದ್ದು ನನ್ನನ್ನು ಬಿಡಿಸಲು ಬಂದದ್ದಕ್ಕೆ. ಯಾರಿಂದ ಬಿಡಿಸಿದರೋ ಅವರ ಹತ್ತಿರವೇ ನಾನು ಹೊರಟಿದ್ದೆ. ಯಾಕೆ ಹೊರಟೆ ಎಂದು ಅಕ್ಕ ಕೇಳಿದರು, ನನ್ನ ತಾಯಿ ಕೇಳಿದರು. ಆಟೋ ಮೂಲೆ ತಿರುಗುವವರೆಗೆ ಬೆನ್ನು ಸುಡುತ್ತಿತ್ತು, ಅದು ನೆನಪಿದೆ.

ಜೈಲಿಗೆ ವಾರವಾರ ಪ್ರಾರ್ಥನೆ ಮಾಡಲು ಕೆಲವರು ಬರುತ್ತಿದ್ದರಂತೆ. ಅವರ ಜೊತೆ ಕೂತು ನನ್ನ ಗಂಡ ಕ್ರಿಸ್ತನನ್ನು ನಂಬಿದ್ದರು. ನಾನು ನಂಬಲಿಲ್ಲ, ನಾನು ಹೇಳುವುದು ಕ್ರಿಸ್ತನ ವಿಷಯವಲ್ಲ, ಗಂಡನ ವಿಷಯ. "ಜೈಲಲ್ಲಿ ಎಲ್ರೂ ಒಳ್ಳೇವ್ರೇ ಕಣೇ, ಅಲ್ಲಿ ಬಾರ್ ಎಲ್ಲಿರುತ್ತೆ?" ಎಂದಿದ್ದರು ನನ್ನ ತಾಯಿ. ಎರಡು ವರ್ಷ ನಾನು ಅವರ ಅಂಗಿಯನ್ನು ಒಗೆಯುವ ಮೊದಲು ಮೂಸುತ್ತಿದ್ದೆ. ಮಿಷನ್ ಎಣ್ಣೆ, ಕಬ್ಬಿಣದ ಪುಡಿ, ಬೆವರು. ಬೇರೆ ವಾಸನೆ ಇರಲಿಲ್ಲ. ಮಾಗಡಿ ರಸ್ತೆಯಲ್ಲಿ ಬಾರಿನ ಎದುರು ಬಂದಾಗ ಅವರು ಆಚೆ ಬದಿಗೆ ದಾಟಿ ನಡೆಯುತ್ತಿದ್ದರು. ನಾನು ಜೊತೆಗಿದ್ದರೆ ನನ್ನನ್ನೂ ದಾಟಿಸುತ್ತಿದ್ದರು. ಒಂದು ದಿನ ಅಂಗಿ ಮೂಸದೆ ನೀರಿಗೆ ಹಾಕಿದೆ. ಹಾಕಿದ ಮೇಲೆ ಗೊತ್ತಾಯಿತು.

ಬಿಡುಗಡೆಯಾಗಿ ಬಂದ ದಿನವೇ ಅವರು ನನ್ನನ್ನು ಕೇಳಿದ್ದರು. ನಾನು ನೆಲದ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಎದುರು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ, "ನೀನು ನನ್ನನ್ನ ಕ್ಷಮಿಸ್ತೀಯಾ?" ಎಂದರು. ಆ ಶಬ್ದವನ್ನು ನಮ್ಮ ಮನೆಗಳಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ. ನಮ್ಮಲ್ಲಿ ಯಾರೂ ಕ್ಷಮಿಸು ಎನ್ನುವುದಿಲ್ಲ, ಕ್ಷಮಿಸಿದೆ ಎನ್ನುವುದೂ ಇಲ್ಲ. ಊಟಕ್ಕೆ ಕರೆಯುತ್ತಾರೆ, ಇಲ್ಲವೇ ಕರೆಯುವುದಿಲ್ಲ. "ನೀರು ಕಾದಿದೆ, ಸ್ನಾನ ಮಾಡಿ," ಎಂದೆ. ಅದು ಯಾವ ಉತ್ತರವೆಂದು ಅವರು ತೆಗೆದುಕೊಂಡರೋ ತಿಳಿಯದು. ಮತ್ತೆ ಕೇಳಲಿಲ್ಲ.

ಪ್ರಾರ್ಥನೆಯ ಹಾಲ್ ನಮ್ಮ ಮನೆಗೆ ಹತ್ತಿರ. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿದ ಉದ್ದನೆಯ ಕೋಣೆ. ಅವರು ದೀಕ್ಷಾಸ್ನಾನ ತೆಗೆದುಕೊಂಡರು, ನಾನು ತೆಗೆದುಕೊಳ್ಳಲಿಲ್ಲ. ಕುಂಕುಮ ಇಟ್ಟುಕೊಂಡೇ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಪಕ್ಕದ ಕುರ್ಚಿಗೂ ಯಾರೂ ಬರುತ್ತಿರಲಿಲ್ಲ. ನನ್ನ ತವರಿನವರಿಗೆ ನಾನು ಅಲ್ಲಿಗೆ ಹೋಗುವವಳು, ಅಲ್ಲಿಯವರಿಗೆ ಇಲ್ಲಿಯವಳು.

ಆ ಹಾಲ್‌ನಲ್ಲಿ ಸಾಕ್ಷಿ ಹೇಳುವ ರೂಢಿಯಿದೆ. ಎದ್ದು ನಿಂತು ತಾನು ಮೊದಲು ಹೇಗಿದ್ದೆ, ಈಗ ಹೇಗಾದೆ ಎಂದು ಎಲ್ಲರ ಮುಂದೆ ಹೇಳುವುದು. ಬೇರೆಯವರು ತಮ್ಮ ಹಳೆಯದನ್ನು ಸ್ವಲ್ಪ ಸವರಿ ಹೇಳುತ್ತಿದ್ದರು. ನನ್ನ ಗಂಡ ಹಾಗೆ ಮಾಡುತ್ತಿರಲಿಲ್ಲ. "ನಾನು ಹೆಂಡ್ತಿಗೆ ಹೊಡೀತಿದ್ದೋನು. ಬಿಡಿಸೋಕೆ ಬಂದ ಅಣ್ಣನ ಕಣ್ಣು ತೆಗೆದೋನು," ಎಂದು ಶುರುಮಾಡುತ್ತಿದ್ದರು. ಜನ ದೇವರಿಗೆ ಸ್ತೋತ್ರ, ಸ್ತೋತ್ರ ಎನ್ನುತ್ತಿದ್ದರು. ಹೊಸಬರು ಯಾರಾದರೂ ಇದ್ದರೆ ಹಿಂದೆ ತಿರುಗಿ ನನ್ನ ಮುಖ ನೋಡುತ್ತಿದ್ದರು. ನನ್ನ ಗಂಡನಿಗೆ ಅದು ಇಳಿಸುವ ಭಾರ. ನಾನು ನೆಲದ ಟೈಲ್ಸ್ ನೋಡುತ್ತಾ ಕೂರುತ್ತಿದ್ದೆ.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಕ್ರಿಸ್ತನ ಕೊನೆಯ ಊಟದ ನೆನಪಿಗೆ. ಒಂದು ತಟ್ಟೆಯಲ್ಲಿ ರೊಟ್ಟಿಯ ಸಣ್ಣ ಚೂರುಗಳು, ಇನ್ನೊಂದರಲ್ಲಿ ದ್ರಾಕ್ಷಿ ರಸದ ಪುಟ್ಟ ಪುಟ್ಟ ಲೋಟಗಳು. ಸಾಲಿನಿಂದ ಸಾಲಿಗೆ, ಕೈಯಿಂದ ಕೈಗೆ ಬರುತ್ತವೆ. ದೀಕ್ಷೆ ಪಡೆದವರು ತೆಗೆದುಕೊಳ್ಳುತ್ತಾರೆ. ನನ್ನ ಗಂಡ ತೆಗೆದುಕೊಳ್ಳುತ್ತಿರಲಿಲ್ಲ. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಒಂದು ಕ್ಷಣ ನೋಡಿ, ಪಕ್ಕದವರಿಗೆ ದಾಟಿಸುತ್ತಿದ್ದರು. ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಮೊದಲು ಅವರ ಹತ್ತಿರ ಹೋಗಿ ಸರಿಮಾಡಿಕೊಂಡು ಬನ್ನಿ, ಆಮೇಲೆ ಇಲ್ಲಿಗೆ ಕೈ ಚಾಚಿ ಎಂದು ಪಾಸ್ಟರ್ ಒಮ್ಮೆ ಹೇಳಿದ್ದನ್ನು ಅವರು ಹಿಡಿದುಕೊಂಡಿದ್ದರು. ಆಮೇಲೆ ಪಾಸ್ಟರೇ ಬಿಡಿಸಿ ಹೇಳಿದರು.

"ಬ್ರದರ್, ನೀವು ಹೋಗಿ ಕೇಳಿದೀರಲ್ಲ. ಅವರು ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು. ದೇವರು ನಿಮ್ಮನ್ನ ಕ್ಷಮಿಸಿ ಆಗಿದೆ. ತಗೊಳ್ಳಿ."

"ಕ್ಷಮಿಸಿದಾನೆ ಪಾಸ್ಟರ್, ನಂಗೆ ಅನುಮಾನ ಇಲ್ಲ," ಎಂದರು ಇವರು. "ಆದ್ರೆ ಕಣ್ಣು ಹೋಗಿರೋದು ದೇವರದ್ದಲ್ಲವಲ್ಲ."

ಪಾಸ್ಟರ್ ಮತ್ತೆ ಒತ್ತಾಯ ಮಾಡಲಿಲ್ಲ.

ಪ್ರತಿ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಅವರು ಒಂದು ತಟ್ಟೆಯಲ್ಲಿ ಕೇಕು, ಕರ್ಜಿಕಾಯಿ ಇಟ್ಟು, ಮೇಲೆ ಕರವಸ್ತ್ರ ಮುಚ್ಚಿ ಮೂಡಲಪಾಳ್ಯಕ್ಕೆ ಹೋಗುತ್ತಿದ್ದರು. ಮಿಲ್ಲಿನ ಹೊಸ್ತಿಲು ತುಳಿಯುವ ಹಾಗಿಲ್ಲ, ರಸ್ತೆಯಲ್ಲೇ ನಿಂತು "ಅಣ್ಣಾ" ಎನ್ನುತ್ತಿದ್ದರು. ಭಾವ ತಲೆಯೆತ್ತದೆ ಸ್ವಿಚ್ ಒತ್ತುತ್ತಿದ್ದರು. ಬೆಲ್ಟು ತಿರುಗಿ, ಮಿಷನ್ ಗುಡುಗಿ, ಇವರು ಆಡಿದ ಒಂದು ಮಾತೂ ಒಳಗೆ ಹೋಗುತ್ತಿರಲಿಲ್ಲ. ಮೇಲಿನ ತೊಟ್ಟಿಯಲ್ಲಿ ಒಂದು ಕಾಳೂ ಇಲ್ಲದೆ ಮಿಷನ್ ಓಡುತ್ತಿತ್ತು. ಮಿಲ್ಲಿನಲ್ಲಿ ಇದು ಮಾಡಬಾರದ ಕೆಲಸ. ಕಾಳಿಲ್ಲದೆ ತಿರುಗಿದರೆ ಕಲ್ಲಿಗೆ ಕಲ್ಲು ಉಜ್ಜಿ ತೇಯ್ದುಹೋಗುತ್ತದೆ. ಎರಡು ನಿಮಿಷ ಖಾಲಿ ಓಡಿಸಿದ್ದಕ್ಕೆ ಕೆಲಸದವನನ್ನು ಭಾವ ಬೈದದ್ದನ್ನು ನಾನೇ ಕೇಳಿದ್ದೇನೆ. ಅಂಥವರು ತಮ್ಮ ಹೊರಟುಹೋಗುವವರೆಗೂ ಖಾಲಿ ಕಲ್ಲು ತಿರುಗಿಸುತ್ತಿದ್ದರು.

ಕೊನೆಗೆ ಅಕ್ಕ ಹಿತ್ತಿಲಿನಿಂದ ಸುತ್ತಿಬಂದು ತಟ್ಟೆ ಇಸಿದುಕೊಳ್ಳುತ್ತಿದ್ದರು. "ನಾನು ತಿಂತೀನಿ ಕಣಪ್ಪ, ನೀನು ಹೊರಡು. ಅಕ್ಕಪಕ್ಕದೋರು ನೋಡ್ತಾವ್ರೆ."

ಮನೆಗೆ ಬಂದ ಮೇಲೆ ನಾನು ಕೇಳುತ್ತಿರಲಿಲ್ಲ. ಅವರೇ ಹೇಳುತ್ತಿದ್ದರು. "ಇವತ್ತೂ ಖಾಲಿ ಮಿಷನ್ ಓಡಿಸ್ದ ಕಣೇ. ಕಲ್ಲು ಸವೆದಿರುತ್ತೆ, ಮತ್ತೆ ಉಳಿ ಹೊಡೆಸ್ಬೇಕಾಗುತ್ತೆ, ಪಾಪ." ಆಮೇಲೆ ಡಬ್ಬಿಯ ಮುಚ್ಚಳ ಟಪ್ ಎನ್ನುತ್ತಿತ್ತು.

ಕುಡಿತ ಬಿಟ್ಟು ಅಷ್ಟು ವರ್ಷವಾಗಿದ್ದರೂ ಲಿವರ್ ಮೊದಲೇ ಹಾಳಾಗಿತ್ತು. ದೇವರು ಮರೆತದ್ದನ್ನು ಹೊಟ್ಟೆ ಮರೆತಿರಲಿಲ್ಲ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ, ಕಣ್ಣೆಲ್ಲ ಅರಿಶಿನ ಬಣ್ಣವಾಗಿ, ಅವರು ಒಂದೇ ವಿಷಯ ಮಾತಾಡುತ್ತಿದ್ದರು.

"ಮಣ್ಣಿಗೂ ಬರಲ್ಲ ಅಂದಿದ್ದ. ಕೋಪದಲ್ಲಿ ಅಂದಿದ್ದು, ಅಲ್ವಾ?"

"ಹೂಂ. ಕೋಪದಲ್ಲೇ."

"ಬರ್ತಾನೆ ಅಲ್ವೇನೇ?"

"ಬರ್ತಾರೆ. ಮಲ್ಕೊಳ್ಳಿ."

"ಬಾಯಲ್ಲಿ ಏನೂ ಹೇಳೋದ್ ಬೇಡ ಅವನು. ಒಂದು ಹಿಡಿ ಮಣ್ಣು ಹಾಕಿದ್ರೆ ಸಾಕು."

ಅಷ್ಟು ವರ್ಷ ಕ್ಷಮಿಸಿದೆ ಎಂಬ ಆ ಒಂದು ಶಬ್ದಕ್ಕಾಗಿ ಮಿಲ್ಲಿನ ಮುಂದೆ ನಿಂತವರು ಕೊನೆಗೆ ಒಂದು ಹಿಡಿ ಮಣ್ಣಿಗೆ ಇಳಿದಿದ್ದರು. ಅದಾದರೂ ಸಿಗಲಿ ಎಂದು ನಾನು ಯಾವ ದೇವರೆಂದು ನೋಡದೆ ಕೇಳಿಕೊಂಡೆ.

ಅವರು ಹೋದ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ. ಕೆಂಗೇರಿ ದಾಟಿ ಪ್ರಾರ್ಥನೆಯ ಸಭೆಯವರಿಗೆ ಸಿಕ್ಕಿದ್ದ ಸ್ಮಶಾನದ ಗುರುತು ಹೇಳಿದೆ. ಅಕ್ಕ ಅತ್ತರು. "ಹೇಳ್ತೀನಿ ಕಣೇ. ಕೇಳಿಸ್ಕೋತಾರೆ. ಬರೋದು ಮಾತ್ರ ನನ್ನ ಕೈಲಿಲ್ಲ," ಎಂದರು.

ಗುಂಡಿಯ ಪಕ್ಕ ಪೆಟ್ಟಿಗೆ ಇಟ್ಟುಕೊಂಡು ಕಾದೆವು. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು. ವ್ಯಾನಿನ ಡ್ರೈವರ್ ಬಂದು, "ಇನ್ನೊಂದು ಟ್ರಿಪ್ ಇದೆ ಮೇಡಂ, ಬೇಜಾರ್ ಮಾಡ್ಕೋಬೇಡಿ," ಎಂದ. ಪಾಸ್ಟರ್ ನನ್ನ ಹತ್ತಿರ ಬಂದು ಮೆಲ್ಲಗೆ, "ಸಿಸ್ಟರ್, ಇನ್ನೂ ಕಾಯೋದಾ?" ಎಂದರು. ಗೇಟಿನ ಹತ್ತಿರ ಒಂದು ಆಟೋ ನಿಂತು ಬಿಳಿ ಪಂಚೆಯವರೊಬ್ಬರು ಇಳಿದರು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವರು ಬೇರೆ ಯಾರದೋ ಸಮಾಧಿಗೆ ಹೂವು ತಂದವರು.

ಅಕ್ಕ ಒಬ್ಬರೇ ಬಂದರು, ಬಸ್ಸಿನಲ್ಲಿ. ನಾನು ಅವರ ಹಿಂದೆ ನೋಡಿದೆ. ಅವರು ಇಲ್ಲವೆಂದು ತಲೆಯಾಡಿಸಿದರು.

ಎಲ್ಲರೂ ಮಣ್ಣು ಹಾಕಿದರು. ನಾನು ಒಂದು ಹಿಡಿ ಹಾಕಿದೆ. ಇನ್ನೊಂದು ಹಿಡಿ ತೆಗೆದುಕೊಂಡು ಭಾವನ ಪರವಾಗಿ ಹಾಕಿಬಿಡಲೇ ಎಂದು ನಿಂತೆ. ಅದು ಸುಳ್ಳಾಗುತ್ತದೆ ಅನ್ನಿಸಿತು. ಕೈ ಸಡಿಲಿಸಿ ಪಕ್ಕಕ್ಕೆ ಬಿಟ್ಟೆ.

ಆ ಎರಡು ದಿನ ಮನೆಗೆ ಜನ ಬಂದು ಹೋದರು. ಬಳೆ, ಕುಂಕುಮದ ವಿಷಯದಲ್ಲಿ ತವರಿನವರಿಗೂ ಸಭೆಯವರಿಗೂ ಸರಿಹೋಗಲಿಲ್ಲ. ಇದು ತೆಗೀಬೇಕು ಎಂದು ಇವರು, ಅಂಥದ್ದೆಲ್ಲ ಮಾಡಬೇಡಿ ಎಂದು ಅವರು. ಇಬ್ಬರೂ ಹೋದ ಮೇಲೆ ನಾನೇ ತೆಗೆದಿಟ್ಟೆ, ಭಾರವಾಗುತ್ತಿತ್ತು ಎಂದು.

ಸಭೆಯಲ್ಲಿ ಮೂರನೇ ದಿನಕ್ಕೆ ಏನೂ ಇಲ್ಲ. ನಮ್ಮ ಜನರಲ್ಲಿ ಅಂದು ಹಾಲು ತುಪ್ಪ. ಗುಂಡಿಯ ಮೇಲೆ ಹಾಲು, ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು, ಕಾಗೆ ಬಂದು ಮುಟ್ಟುವವರೆಗೂ ಕಾಯುತ್ತಾರೆ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ, ಅವರಿಗೆ ಸೇರಿತು ಎಂದು. ನನ್ನ ಗಂಡನಿಗೆ ಅದು ಬೇಕಿರಲಿಲ್ಲ ಎಂದು ನನಗೆ ಗೊತ್ತು. ಆದರೂ ಬೆಳಿಗ್ಗೆ ಎದ್ದಾಗ ಮನೆಯಲ್ಲಿ ಕೂರಲಾಗಲಿಲ್ಲ. ಬರಿಗೈಯಲ್ಲಿ ಬಸ್ಸು ಹತ್ತಿದೆ.

ಗೇಟು ದಾಟಿ ಒಳಗೆ ಹೋದರೆ, ಹೊಸ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಭಾವ ಕೂತಿದ್ದರು.

ಚಪ್ಪಲಿ ದೂರದಲ್ಲಿ ಬಿಟ್ಟಿದ್ದರು. ಪಕ್ಕದಲ್ಲಿ ಬಟ್ಟೆಯ ಚೀಲ. ಹುಬ್ಬಿನ ಮೇಲೆ ಹಿಟ್ಟಿರಲಿಲ್ಲ, ತಲೆಗೆ ಸ್ನಾನ ಮಾಡಿ ಬಂದಿದ್ದರು. ನಾನು ಅವರ ಬಲಕ್ಕೆ ಬಂದದ್ದರಿಂದ ಮುಖವನ್ನು ಪೂರ್ತಿ ತಿರುಗಿಸಿ ಎಡಗಣ್ಣಿನಿಂದ ನೋಡಿದರು.

"ಬಂದ್ಯಾ. ಕೂತ್ಕೊ," ಎಂದರು, ನಿನ್ನೆಯಷ್ಟೇ ಮಾತಾಡಿದ್ದವರಂತೆ. ನಾನು ನಿಂತೇ ಇದ್ದದ್ದನ್ನು ನೋಡಿ, "ಮಣ್ಣಿಗೆ ಬರಲ್ಲ ಅಂದಿದ್ದೆ, ಬರ್ಲಿಲ್ಲ. ಹಾಲು ತುಪ್ಪಕ್ಕೆ ಬರಲ್ಲ ಅಂತ ಅಂದಿರ್ಲಿಲ್ಲ," ಎಂದರು.

ಬಾಳೆ ಎಲೆ ಹಾಸಿದರು. ಮುದ್ದೆ, ಕೋಳಿ ಸಾರು, ಬೇಯಿಸಿದ ಮೊಟ್ಟೆ. ಅಕ್ಕನ ಕೈಯಡುಗೆ, ವಾಸನೆಯಲ್ಲೇ ಗೊತ್ತಾಯಿತು. ಅಷ್ಟರಲ್ಲಿ ಸ್ಮಶಾನ ನೋಡಿಕೊಳ್ಳುವ ಮುದುಕ ಓಡಿಬಂದ.

"ಸಾರ್, ಸಾರ್, ಇಲ್ಲಿ ಇದೆಲ್ಲ ಇಡಂಗಿಲ್ಲ. ಬೇಕಾದ್ರೆ ಕ್ಯಾಂಡಲ್ ಹಚ್ಚಿ."

"ಕ್ಯಾಂಡಲ್ ತಿಂತಾನೇನಯ್ಯಾ ಅವನು?" ಎಂದರು ಭಾವ, ಮಿಲ್ಲಿನ ದನಿಯಲ್ಲಿ. ಮುದುಕ ನನ್ನ ಮುಖ ನೋಡಿದ. ನಾನು ಕೈಮುಗಿದೆ. "ಬೇಗ ಮುಗಿಸ್ಬಿಡಿ ಅಮ್ಮಾ," ಎಂದು ಸ್ವಲ್ಪ ದೂರ ಹೋಗಿ ಅಲ್ಲೇ ನಿಂತ.

ಭಾವ ಹಾಲು ಬಿಟ್ಟರು. ಆಮೇಲೆ ಪಾತ್ರೆಯನ್ನು ನನ್ನ ಕೈಗೆ ಕೊಟ್ಟರು. ನಾನೂ ಬಿಟ್ಟೆ. ಹೊಸ ಮಣ್ಣು ಸದ್ದಿಲ್ಲದೆ ಕುಡಿಯಿತು. ತುಪ್ಪ ಮಾತ್ರ ಮೇಲೆ ಉಳಿಯಿತು.

ಆಮೇಲೆ ಅವರು ಚೀಲದ ತಳದಿಂದ ಒಂದು ಸಿಗರೇಟ್ ಪ್ಯಾಕು ಮತ್ತು ಒಂದು ಕ್ವಾರ್ಟರ್ ಬ್ರಾಂದಿ ತೆಗೆದು ಎಲೆಯ ತುದಿಗಿಟ್ಟರು. ಮುಂಚೆ ನನ್ನ ಗಂಡ ಕುಡಿಯುತ್ತಿದ್ದದ್ದೇ, ಅದೇ ಚೀಟಿ, ಅದೇ ಬಣ್ಣ. ನಾನು ನೋಡುತ್ತಾ ಕೂತೆ. ಯಾವುದರಿಂದ ಕಣ್ಣು ಹೋಯಿತೋ ಅದನ್ನೇ ಹುಡುಕಿ, ಅಂಗಡಿಯವನ ಮುಂದೆ ನಿಂತು ಹೆಸರು ಹೇಳಿ ಕೊಂಡು, ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಜೀವಮಾನದಲ್ಲಿ ಅದನ್ನು ಮುಟ್ಟಿದವರಲ್ಲ ಅವರು.

ಕಾದೆವು. ಕಾಗೆ ಬರಲಿಲ್ಲ.

"ಮುಚ್ಚಳ ತೆಗೀಲಿಲ್ಲ ಅಂತ ಇರ್ಬೇಕು," ಎಂದು ಭಾವ ಬಾಟಲಿಗೆ ಕೈ ಹಾಕಿದರು.

"ಅದು ಬೇಡ ಭಾವ. ಅವರು ಬಿಟ್ಬಿಟ್ಟಿದ್ರು."

"ಏನ್ ಬಿಟ್ಟಿದ್ದ?"

"ಕುಡಿಯೋದು."

"ಎಲ್ರೂ ಬಿಡ್ತಾರೆ. ಸೋಮವಾರ ಬಿಡ್ತಾರೆ, ಶನಿವಾರ ಹಿಡೀತಾರೆ."

"ಜೈಲಿಂದ ಬಂದ ಮೇಲೆ ಒಂದು ತೊಟ್ಟೂ ಮುಟ್ಟಿರ್ಲಿಲ್ಲ. ಅಂಗಿ ಮೂಸಿ ನೋಡ್ತಿದ್ದೆ ನಾನು."

ಭಾವ ಬಾಟಲಿಯನ್ನು ಹಿಡಿದುಕೊಂಡೇ ಇದ್ದರು. "ಮಿಲ್ಲಿನ ಮುಂದೆ ಬಂದು ನಿಲ್ತಿದ್ನಲ್ಲ," ಎಂದರು.

"ಹೂಂ."

"ಕುಡಿದು ಬಂದಿದಾನೆ ಅನ್ಕೊತಿದ್ದೆ. ಮುಂಚೆ ಕುಡಿದಾಗಲೇ ಅವನಿಗೆ ಅಣ್ಣ ನೆನಪಾಗ್ತಿದ್ದಿದ್ದು. ಕಾಲಿಗೆ ಬಿದ್ದು ಅಳೋನು, ಬೆಳಿಗ್ಗೆ ಎದ್ರೆ ನೆನಪೇ ಇರ್ತಿರ್ಲಿಲ್ಲ. ನಿಂತಾಗ ಕಾಲು ನಡುಗೋದು ಕಾಣ್ತಿತ್ತು ನಂಗೆ."

"ಹೆದರಿಕೆಗೆ ಭಾವ."

ಇಷ್ಟು ವರ್ಷ ಅವರು ಖಾಲಿ ಕಲ್ಲು ತಿರುಗಿಸಿದ್ದು ಕುಡುಕನ ಅಳು ಕೇಳಬಾರದೆಂದು. ಆ ಸದ್ದಿನಲ್ಲಿ ಕುಡಿಯದವನ ಮಾತೂ ಹೋಗಿತ್ತು. ಅಕ್ಕ ಹೇಳಿರಲಿಲ್ಲವೇ ಎಂದು ನನ್ನ ಬಾಯಿಗೆ ಬಂತು. ಹೇಳಿರುತ್ತಾರೆ. ಇವರು ಕೇಳಿಸಿಕೊಂಡಿರುವುದಿಲ್ಲ. ಕೋರ್ಟಿನ ಬಾಗಿಲಲ್ಲಿ ನೋಡಿದ ತಮ್ಮನೇ ಅವರಿಗೆ ಕೊನೆಯ ತಮ್ಮ. ಅಂಥವನಿಗೇ, ಆ ಕುಡುಕನಿಗೇ, ಇಂದು ಹಾಲು ತಂದಿದ್ದರು. ತಮ್ಮ ಬದಲಾಗಿದ್ದಾನೆ ಎಂದು ತಿಳಿದು ಬಂದವರಲ್ಲ. ಇದನ್ನು ನೆನೆದಾಗ ಈಗಲೂ ಹೊಲಿಯುತ್ತಿದ್ದ ಕೈ ನಿಂತುಹೋಗುತ್ತದೆ.

ದೂರದಲ್ಲಿ ನಿಂತಿದ್ದ ಮುದುಕ ಹತ್ತಿರ ಬಂದ. "ಸಾರ್, ಅದು ಬೇಡ ಅಂದ್ರೆ ಕೊಡಿ, ನಾನು ಹೊರಗಡೆ ಚೆಲ್ಬಿಡ್ತೀನಿ."

"ಎಲ್ಲಿಗೆ? ಗಂಟಲಿಗಾ?" ಎಂದರು ಭಾವ.

ಮುದುಕ ಹಲ್ಲು ಬಿಟ್ಟ. ನನಗೂ ನಗು ಬಂತು, ಅವರು ಹೋದ ಮೇಲೆ ಮೊದಲ ಸಲ. ಭಾವ ಬಾಟಲಿ, ಸಿಗರೇಟು ಎರಡನ್ನೂ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು.

"ಮತ್ತೇನ್ ಇಷ್ಟ ಪಡ್ತಿದ್ದ?"

"ಕಡಲೆ ಮಿಠಾಯಿ."

ಅವರು ನನ್ನ ಕಡೆ ಪೂರ್ತಿ ತಿರುಗಿದರು. "ಈಗ್ಲೂವಾ?"

"ದಿನಾ."

"ಸ್ಕೂಲಿಗೆ ಹೋಗ್ವಾಗ ಜೇಬಿಗೆ ಹಾಕಿ ಕಳಿಸ್ತಿದ್ದೆ ಕಣಮ್ಮ. ಹಾಕ್ಲಿಲ್ಲ ಅಂದ್ರೆ ಗೇಟ್ ಹತ್ರಾನೇ ಕೂತ್ಕಂಡು ಬಿಡೋನು, ಬಡ್ಡಿಮಗ."

ಎದ್ದು ಹೊರಗೆ ಹೋದರು. ಎದುರಿನ ಪೆಟ್ಟಿಗೆ ಅಂಗಡಿಯಿಂದ ಕಡಲೆ ಮಿಠಾಯಿ ತಂದು, ಪ್ಲಾಸ್ಟಿಕ್ ಬಿಡಿಸಿ ಎಲೆಯ ಮೇಲಿಟ್ಟರು. ಮತ್ತೆ ಕಾದೆವು. ಬಿಸಿಲು ಏರಿತು. ಇರುವೆ ಬಂದವು, ಒಂದು ನಾಯಿ ಬಂದು ದೂರದಲ್ಲಿ ಕೂತಿತು. ಕಾಗೆ ಬರಲಿಲ್ಲ.

"ಇಲ್ಲಿ ಕಾಗೆ ಕಮ್ಮಿ ಸಾರ್. ಹದ್ದು ಜಾಸ್ತಿ," ಎಂದ ಮುದುಕ.

"ಕೋಪ ಕಣಮ್ಮ ಅವನಿಗೆ," ಎಂದರು ಭಾವ.

"ಇಲ್ಲ ಭಾವ. ಕೋಪ ಇರ್ಲಿಲ್ಲ ಅವರಿಗೆ."

"ಕಾಗೆ ಮುಟ್ಟದಿದ್ರೆ ನಾನ್ ಬಂದಿದ್ದು ಅವನಿಗೆ ಹೆಂಗೆ ಗೊತ್ತಾಗುತ್ತೆ?" ಎಂದರು. ದನಿ ಸಣ್ಣದಾಗಿತ್ತು. ಆಮೇಲೆ, "ಆ ನಿಮ್ಮ ಪ್ರಾರ್ಥನೆ ಹಾಲ್‌ನಲ್ಲಿ ಕಣ್ಣು ಮುಚ್ಕೊಂಡು ಮಾತಾಡ್ತೀರಲ್ಲ. ಅಲ್ಲಿ ಹೇಳು ಅವನಿಗೆ, ಬಂದಿದ್ದೆ ಅಂತ," ಎಂದರು.

ಅಲ್ಲಿ ಮಾತಾಡುವುದು ದೇವರ ಜೊತೆ, ಸತ್ತವರ ಜೊತೆಯಲ್ಲ. ನಾನಂತೂ ದೀಕ್ಷೆ ಪಡೆದವಳೂ ಅಲ್ಲ, ಅಲ್ಲಿ ಒಮ್ಮೆಯೂ ಬಾಯಿ ಬಿಟ್ಟವಳಲ್ಲ. ಇದನ್ನೆಲ್ಲ ಅವರಿಗೆ ಹೇಳಬಹುದಿತ್ತು. "ಹೇಳ್ತೀನಿ ಭಾವ," ಎಂದೆ.

ಏಳುವಾಗ ಅವರು ಒಂದು ಅಂಗೈಯನ್ನು ಗುಡ್ಡೆಗೆ ಊರಿ ಎದ್ದರು. ಕೈಗೆ ಹಸಿ ಮಣ್ಣು ಮೆತ್ತಿತ್ತು. ಪಂಚೆಗೆ ಒರೆಸಿಕೊಳ್ಳಲಿಲ್ಲ. ಗುಡ್ಡೆಯ ಮೇಲೆಯೇ ಕೈ ಕೊಡವಿದರು, ನಿಧಾನವಾಗಿ, ಪೂರ್ತಿ ಬೀಳುವವರೆಗೆ. ನಾನು ನೋಡದವಳಂತೆ ಎಲೆ ಸರಿಮಾಡುತ್ತಿದ್ದೆ.

ಬಸ್ ಸ್ಟಾಪಿನಲ್ಲಿ ಇಬ್ಬರೂ ದೂರ ದೂರ ನಿಂತೆವು. ಅವರ ಬಸ್ಸು ಮೊದಲು ಬಂತು. ಹತ್ತುವ ಮುಂಚೆ, "ರಾಗಿ ಎಲ್ಲಿ ಬೀಸಿಸ್ಕೊತೀಯ?" ಎಂದು ಕೇಳಿದರು.

"ಪ್ಯಾಕೆಟ್ ಹಿಟ್ಟು ತರ್ತೀನಿ ಭಾವ."

"ಪ್ಯಾಕೆಟ್ಟಂತೆ, ಪ್ಯಾಕೆಟ್ಟು," ಎಂದು ಬೈದುಕೊಂಡೇ ಹತ್ತಿದರು.

ಮುಂದಿನ ಭಾನುವಾರ ತಿಂಗಳ ಮೊದಲನೆಯದು. ಹಿಂದಿನ ಸಾಲಿನ ನನ್ನ ಕುರ್ಚಿಯಲ್ಲೇ ಕೂತೆ. ಬೇಕಾದವರು ಎದ್ದು ಪ್ರಾರ್ಥನೆ ಮಾಡಬಹುದು ಎಂದು ಪಾಸ್ಟರ್ ಹೇಳಿದರು. ಒಬ್ಬರು ಮಗಳ ಪರೀಕ್ಷೆಗೆ, ಒಬ್ಬರು ಮಂಡಿ ನೋವಿಗೆ ಬೇಡಿಕೊಂಡರು. ಆಮೇಲೆ ಫ್ಯಾನಿನ ಸದ್ದು. ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಕೆಲವರು ಕಣ್ಣು ತೆರೆದರು.

ದೇವರೇ ಎಂದು ಶುರುಮಾಡಬೇಕು ಎಂದು ಗೊತ್ತಿತ್ತು. ಬಾಯಿಗೆ ಬಂದದ್ದು ಬೇರೆ.

"ರೀ, ನಿಮ್ಮ ಅಣ್ಣ ಬಂದಿದ್ರು," ಎಂದೆ. "ಹಾಲು ಬಿಟ್ರು. ಮಣ್ಣೂ ಆಯ್ತು."

ಯಾರಿಗೂ ಅರ್ಥವಾಗಲಿಲ್ಲ. ಪಾಸ್ಟರ್ ತಲೆ ತಗ್ಗಿಸಿಯೇ ಇದ್ದರು. ಮುಂದಿನ ಸಾಲಿನ ಕಿವಿ ಮಂದವಾದ ಅಜ್ಜಿಯೊಬ್ಬರು ಮಾತ್ರ ಪ್ರಾರ್ಥನೆ ಮುಗಿಯಿತೆಂದುಕೊಂಡು ಗಟ್ಟಿಯಾಗಿ "ಆಮೆನ್" ಎಂದರು.

ಕೂತೆ. ತಟ್ಟೆ ಬಂತು. ಪುಟ್ಟ ಲೋಟಗಳು ಅಲುಗಾಡುತ್ತಿದ್ದವು. ಎರಡು ಕೈಯಲ್ಲಿ ಹಿಡಿದು, ನನ್ನ ಗಂಡ ನೋಡುತ್ತಿದ್ದಷ್ಟು ಹೊತ್ತು ನೋಡಿ, ದಾಟಿಸಲು ಪಕ್ಕಕ್ಕೆ ತಿರುಗಿದೆ. ಪಕ್ಕದ ಕುರ್ಚಿ ಖಾಲಿಯಿತ್ತು. ಅದರಾಚೆಯ ಹೆಂಗಸು ಕೈ ಚಾಚುವವರೆಗೂ ತಟ್ಟೆ ನನ್ನ ಕೈಯಲ್ಲೇ ಇತ್ತು.